ಸ್ಟ್ರೋಕ್ ಆದ ಮಿದುಳನ್ನು ಡಿಫ್ಯೂಷನ್ ಎಂಆರ್‌ಐನಲ್ಲಿ ಓದುವುದು ಹೇಗೆ: ಮೊದಲು ಎಷ್ಟು ಗಂಟೆಯಾಯಿತು ಅಂತ ಕೇಳಿ, ಆಮೇಲೆ ಚಿತ್ರ ನೋಡಿ

ಪಾರ್ಶ್ವವಾಯು ಆದವರ ಡಿಫ್ಯೂಷನ್ ಚಿತ್ರ ತೆರೆದು ಕೂತರೆ ಮೊದಲು ಕಣ್ಣಿಗೆ ಬೀಳುವುದು ಬೆಳ್ಳಗೆ ಹೊಳೆಯುವ ಒಂದು ಜಾಗ. ಹೊಸದಾಗಿ ಕಲಿಯುವವರು ಅದನ್ನೇ ಗಾಯ ಅಂದುಕೊಂಡು ಸುತ್ತ ಗೆರೆ ಎಳೆಯುತ್ತಾರೆ, ಗಾತ್ರ ಲೆಕ್ಕ ಹಾಕುತ್ತಾರೆ, ಮುಂದಿನ ರೋಗಿಗೆ ಹೋಗುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಸ್ಟ್ರೋಕ್ ಆಗಿ ಎಷ್ಟು ಹೊತ್ತಾದ ಮೇಲೆ ತೆಗೆದ ಚಿತ್ರ ಅದು? ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಬಿಳಿ ಬಣ್ಣದಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಅದೇ ರೋಗಿ, ಅದೇ ಜಾಗ. ಮೂರನೇ ಗಂಟೆಯಲ್ಲಿ ಒಂದು ಸಂಖ್ಯೆ ಬರುತ್ತದೆ, ಹತ್ತನೇ ದಿನ ಇನ್ನೊಂದು, ಮೂರನೇ ತಿಂಗಳಲ್ಲಿ ಪೂರ್ತಿ ಬೇರೆಯೇ.

ಇದನ್ನು ಬರೆದದ್ದು ಬಯೋಮೆಡಿಕಲ್ ಎಂಜಿನಿಯರಿಂಗ್, ಫಿಸಿಕ್ಸ್, ರೇಡಿಯಾಲಜಿ ಓದುತ್ತಿರುವವರಿಗೆ, ಲ್ಯಾಪ್‌ಟಾಪಿನಲ್ಲಿ ಡೇಟಾ ಇಟ್ಟುಕೊಂಡು ಎಲ್ಲಿಂದ ಶುರು ಮಾಡೋದು ಅಂತ ಯೋಚಿಸುತ್ತಿರುವವರಿಗೆ. ಮನೆಯವರ ಸ್ಕ್ಯಾನ್ ಓದಿ ಚಿಕಿತ್ಸೆ ತೀರ್ಮಾನಿಸಲು ಅಲ್ಲ. ಯಾರಿಗಾದರೂ ಇದ್ದಕ್ಕಿದ್ದಂತೆ ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತದ ಗಂಟು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ ಅವಕಾಶ ಮೊದಲ ನಾಲ್ಕೂವರೆ ಗಂಟೆ ಮಾತ್ರ.

ಅಳೆಯುತ್ತಿರುವುದು ನೀರನ್ನು

ಡಿಫ್ಯೂಷನ್ ಎಂಆರ್‌ಐ ಗಾಯವನ್ನು ನೇರವಾಗಿ ನೋಡುವುದಿಲ್ಲ. ಅಂಗಾಂಶದೊಳಗಿನ ನೀರಿನ ಕಣಗಳು ಸುಮ್ನೆ ಅತ್ತಿತ್ತ ಅಲೆಯುತ್ತಿರುತ್ತವಲ್ಲ, ಆ ಅಲೆದಾಟ ಎಷ್ಟು ಸರಾಗ, ಎಷ್ಟು ಅಡಚಣೆ ಅನ್ನೋದನ್ನು ಅಳೆಯುತ್ತದೆ. ಎರಡು ಕಾಂತೀಯ ಗ್ರೇಡಿಯಂಟ್ ಹೊಡೆತ ಕೊಟ್ಟು, ನಡುವೆ ಕದಲಿದ ನೀರಿನ ಸಿಗ್ನಲ್ ಕುಗ್ಗುವಂತೆ ಮಾಡುವ ಈ ವಿಧಾನವನ್ನು ಸ್ಟೆಯ್‌ಸ್ಕಲ್ ಮತ್ತು ಟ್ಯಾನರ್ 1965ರಲ್ಲೇ ತೋರಿಸಿದ್ದರು. 80ರ ದಶಕದ ನಡುವಿನಲ್ಲಿ ಡೆನಿ ಲ ಬಿಹಾನ್ ಅದನ್ನು ಮನುಷ್ಯರ ಮಿದುಳಿನ ಚಿತ್ರಕ್ಕೆ ತಂದರು. ಸ್ಟ್ರೋಕ್ ವಿಷಯದಲ್ಲಿ ದೊಡ್ಡ ತಿರುವು ಬಂದದ್ದು 1990ರಲ್ಲಿ. ಮೈಕೆಲ್ ಮೋಸ್ಲಿ ಮತ್ತು ಜೊತೆಗಾರರು ಬೆಕ್ಕುಗಳ ಮಿದುಳಿನ ರಕ್ತನಾಳ ಮುಚ್ಚಿ ನೋಡಿದರು. ನೀರು ಜಾಸ್ತಿ ಇರುವ ಜಾಗವನ್ನು ಬೆಳ್ಳಗೆ ತೋರಿಸುವ ಮಾಮೂಲಿ ಟಿ2 ಚಿತ್ರ ಇನ್ನೂ ಏನೂ ತೋರಿಸದೆ ಇರುವಾಗಲೇ, ಒಂದು ಗಂಟೆಯೊಳಗೆ, ಡಿಫ್ಯೂಷನ್ ಚಿತ್ರದಲ್ಲಿ ಆ ಜಾಗ ಹೊಳೆಯಿತು.

ಯಾಕೆ ಹೊಳೆಯಿತು? ರಕ್ತ ನಿಂತರೆ ಜೀವಕೋಶಕ್ಕೆ ಶಕ್ತಿ ಇಲ್ಲ. ಸೋಡಿಯಂ ಹೊರಗೆ ತಳ್ಳುವ ಪಂಪ್ ನಿಲ್ಲುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಹಿಂದೆ ನೀರೂ ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಸಂತೆ ದಿನ ಅಂಗಡಿಗಳೆಲ್ಲ ಬೀದಿಗೆ ಚಾಚಿಕೊಂಡರೆ ನಡೆಯುವ ದಾರಿ ಕಿರಿದಾಗುವ ಹಾಗೆ, ಕೋಶಗಳ ನಡುವಿನ ಜಾಗ ಇಕ್ಕಟ್ಟಾಗಿ ನೀರಿನ ಓಡಾಟ ಕುಂಠಿತವಾಗುತ್ತದೆ. ಇದೊಂದೇ ಕಾರಣ ಅಲ್ಲ. ನರತಂತುಗಳು ಅಲ್ಲಲ್ಲಿ ಉಬ್ಬಿ ಮಣಿಸರದಂತೆ ಆಗುವುದೂ ನೀರನ್ನು ತಡೆಯುತ್ತದೆ. ಯಾವ ಕಾರಣದ ಪಾಲು ಎಷ್ಟು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಲೆಕ್ಕ. ಗ್ರೇಡಿಯಂಟ್ ಎಷ್ಟು ಜೋರು, ಎಷ್ಟು ಹೊತ್ತು ಅನ್ನೋದನ್ನು ಒಟ್ಟಾಗಿ ಹೇಳುವ ಸಂಖ್ಯೆಗೆ ಬಿ ವ್ಯಾಲ್ಯೂ ಅನ್ನುತ್ತಾರೆ. ಸ್ಟ್ರೋಕಿಗೆ ಹೆಚ್ಚಿನ ಕಡೆ ಬಳಸುವುದು 0 ಮತ್ತು 1000. ಬಿ 0 ಚಿತ್ರದ ಸಿಗ್ನಲನ್ನು ಬಿ 1000 ಚಿತ್ರದ ಸಿಗ್ನಲಿನಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ತೆಗೆದು, 1000ದಿಂದ ಭಾಗಿಸಿದರೆ ಎಡಿಸಿ (ಅಪಾರೆಂಟ್ ಡಿಫ್ಯೂಷನ್ ಕೋಎಫಿಶಿಯಂಟ್), ಅಂದರೆ ನೀರಿನ ಓಡಾಟ ಎಷ್ಟು ಸರಾಗ ಅನ್ನುವ ಅಳತೆ, ಸಿಗುತ್ತದೆ. ಬರುವ ಸಂಖ್ಯೆ ಬಹಳ ಚಿಕ್ಕದು, ಸೆಕೆಂಡಿಗೆ 0.0008 ಚದರ ಮಿಲಿಮೀಟರ್ ಅನ್ನುವ ಥರ. ಅದಕ್ಕೇ ಹೆಚ್ಚಿನ ಯಂತ್ರಗಳು ಹತ್ತು ಲಕ್ಷದಿಂದ ಗುಣಿಸಿ 800 ಅಂತ ಬರೆದಿಡುತ್ತವೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ವಯಸ್ಕರ ಆರೋಗ್ಯವಂತ ಮಿದುಳಿನಲ್ಲಿ ಎಡಿಸಿ ಸುಮಾರು 700ರಿಂದ 900. ಮಿದುಳಿನ ಕುಹರಗಳಲ್ಲಿ ತುಂಬಿರುವ ದ್ರವದಲ್ಲಿ ಸುಮಾರು 3000, ಅಲ್ಲಿ ಅಡಚಣೆಯೇ ಇಲ್ಲವಲ್ಲ. ಹೊಸ ಗಾಯದಲ್ಲಿ 400ಕ್ಕೂ ಇಳಿಯಬಹುದು. ಮೂರಕ್ಕೂ ಬಿ 0 ಸಿಗ್ನಲ್ 1000 ಅಂದುಕೊಳ್ಳಿ. ಆಗ ಬಿ 1000ದಲ್ಲಿ ಎಡಿಸಿ 800 ಇರುವ ಆರೋಗ್ಯದ ಜಾಗ 449ಕ್ಕೆ ಕುಗ್ಗುತ್ತದೆ, 400 ಇರುವ ಗಾಯ 670ರಲ್ಲೇ ನಿಲ್ಲುತ್ತದೆ, ದ್ರವ ಬರೀ 50ಕ್ಕೆ ಬೀಳುತ್ತದೆ. ಗಾಯ ಬೆಳ್ಳಗೆ, ದ್ರವ ಕಪ್ಪಗೆ ಕಾಣುವುದು ಇದರಿಂದ. ಈ ಮೂರು ಸಂಖ್ಯೆಗಳನ್ನು ಒಮ್ಮೆ ನೀವೇ ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿ, ಮುಂದಿನದೆಲ್ಲ ಸಲೀಸಾಗುತ್ತದೆ.

ಬಿಳಿ ಇದ್ದ ಮಾತ್ರಕ್ಕೆ ಹೊಸ ಗಾಯ ಅಲ್ಲ

ಬಿ 1000 ಚಿತ್ರದ ಹೊಳಪಿನಲ್ಲಿ ಎರಡು ವಿಷಯ ಬೆರೆತಿವೆ: ನೀರಿನ ಓಡಾಟ, ಮತ್ತು ಬಿ 0 ಸಿಗ್ನಲ್ ಮೊದಲೇ ಎಷ್ಟಿತ್ತು ಅನ್ನೋದು. ಹಳೆಯ ಗಾಯದಲ್ಲಿ ನೀರು ಜಾಸ್ತಿ ಇದ್ದು ಟಿ2 ಸಿಗ್ನಲ್ಲೇ ಜೋರಾಗಿದ್ದರೆ, ಎಡಿಸಿ ಮಾಮೂಲಿ ಇದ್ದರೂ ಬಿ 1000ದಲ್ಲಿ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಟಿ2 ಶೈನ್ ಥ್ರೂ ಅನ್ನುತ್ತಾರೆ. ಆದ್ದರಿಂದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟೇ ನೋಡಬೇಕು. ಡಿಫ್ಯೂಷನ್‌ನಲ್ಲಿ ಬಿಳಿ, ಎಡಿಸಿಯಲ್ಲಿ ಕಪ್ಪು ಇದ್ದರೆ ನೀರು ನಿಜಕ್ಕೂ ಸಿಕ್ಕಿಹಾಕಿಕೊಂಡಿದೆ. ಡಿಫ್ಯೂಷನ್‌ನಲ್ಲಿ ಬಿಳಿ, ಎಡಿಸಿಯಲ್ಲಿ ಮಾಮೂಲಿ ಅಥವಾ ಬಿಳಿ ಇದ್ದರೆ ಅನುಮಾನ ಪಡಿ.

ಸಿಕ್ಕಿಹಾಕಿಕೊಂಡ ನೀರೆಲ್ಲ ಸ್ಟ್ರೋಕ್ ಕೂಡ ಅಲ್ಲ. ಮಿದುಳಿನ ಕೀವುಗಡ್ಡೆಯಲ್ಲಿ, ಲಿಂಫೋಮಾದಂಥ ಒತ್ತೊತ್ತಾದ ಗಡ್ಡೆಯಲ್ಲಿ, ರಕ್ತದ ಸಕ್ಕರೆ ವಿಪರೀತ ಇಳಿದಾಗ, ತುಂಬಾ ಹೊತ್ತು ಫಿಟ್ಸ್ ಬಂದಾಗಲೂ ಹೀಗೇ ಕಾಣಬಹುದು. ಇನ್ನೊಂದು ಕಡೆ, ಮಿದುಳಿನ ಕಾಂಡದ ಚಿಕ್ಕ ಗಾಯಗಳು ಮೊದಲ ದಿನದ ಚಿತ್ರದಲ್ಲಿ ಕಾಣದೇ ಹೋಗುವುದೂ ಉಂಟು. ಅದಕ್ಕೇ ರೋಗಿಯ ಲಕ್ಷಣಗಳ ವಿವರ ಇಲ್ಲದೆ ಬರೀ ಚಿತ್ರ ಹಿಡಿದು ಗುಂಪು ಮಾಡಬೇಡಿ.

ಈಗ ಕಾಲದ ಮಾತು

ಮೊದಲ ನಿಮಿಷಗಳಿಂದಲೇ ಎಡಿಸಿ ಇಳಿಯಲು ಶುರುವಾಗುತ್ತದೆ, ಮೊದಲ ಕೆಲವು ದಿನ ಕೆಳಗೇ ಇರುತ್ತದೆ. ಆಮೇಲೆ ಸತ್ತ ಕೋಶಗಳ ಗೋಡೆ ಒಡೆಯುತ್ತದೆ, ರಕ್ತನಾಳದಿಂದ ಸೋರಿದ ನೀರು ಸೇರುತ್ತದೆ, ಅಡಚಣೆ ಕಮ್ಮಿಯಾಗುತ್ತದೆ, ಸಂಖ್ಯೆ ಏರತೊಡಗುತ್ತದೆ. ಹೀಗೆ ಏರುತ್ತಾ ಸುಮಾರು ಒಂದರಿಂದ ಎರಡು ವಾರದ ನಡುವೆ ಎಲ್ಲೋ ಒಂದು ಕಡೆ ಮಾಮೂಲಿ ಮಟ್ಟವನ್ನು ದಾಟಿ ಹೋಗುತ್ತದೆ. ಆ ದಿನ ಸ್ಕ್ಯಾನ್ ಮಾಡಿದರೆ ಎಡಿಸಿ 800! ಅಂಗಾಂಶ ಸತ್ತಿದೆ, ಸಂಖ್ಯೆ ಮಾತ್ರ ಆರೋಗ್ಯವಂತರದ್ದು. ಇದನ್ನು ಸ್ಯೂಡೊನಾರ್ಮಲೈಸೇಷನ್ ಅನ್ನುತ್ತಾರೆ. ಎಡಿಸಿ ಸರಿಹೋಯಿತು, ಅಂಗಾಂಶ ಚೇತರಿಸಿತು ಅಂತ ಬರೆದು ಕೆಡುವುದು ಇಲ್ಲೇ. ತಿಂಗಳುಗಳ ನಂತರ ಆ ಜಾಗ ಟೊಳ್ಳಾಗಿ ದ್ರವ ತುಂಬಿಕೊಂಡಾಗ ಎಡಿಸಿ 2000 ದಾಟುವುದೂ ಇದೆ.

ನಿಜವಾದ ಚೇತರಿಕೆಯೇ ಇಲ್ಲವಾ ಅಂದರೆ, ಇದೆ. ಬೇಗ ರಕ್ತ ಹರಿದರೆ ಮೊದಲ ಗಂಟೆಗಳಲ್ಲಿ ಕಪ್ಪಾಗಿದ್ದ ಎಡಿಸಿ ಜಾಗದ ಒಂದು ಭಾಗ ಮರಳಿ ಸರಿಯಾಗಬಹುದು. ಆದರೆ ಅದು ಗಂಟೆಗಳ ಒಳಗಿನ ಕಥೆ, ಹತ್ತನೇ ದಿನದ್ದಲ್ಲ. ಸಂಖ್ಯೆ ಒಂದೇ, ಅರ್ಥ ಬೇರೆ ಬೇರೆ, ವ್ಯತ್ಯಾಸ ಹೇಳುವುದು ಗಡಿಯಾರ.

ಗಡಿಯಾರವೇ ಇಲ್ಲದ ರೋಗಿಗಳೂ ಇದ್ದಾರೆ. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಏಳುವಾಗ ಕೈಕಾಲು ಬಿದ್ದಿರುತ್ತದೆ, ಯಾವಾಗ ಆಯಿತು ಅಂತ ಯಾರಿಗೂ ಗೊತ್ತಿಲ್ಲ. ಇಲ್ಲಿ ಡಿಫ್ಯೂಷನ್ ಚಿತ್ರವನ್ನೇ ಗಡಿಯಾರ ಮಾಡಿಕೊಂಡಿದ್ದಾರೆ, ಈ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದು. ಡಿಫ್ಯೂಷನ್‌ನಲ್ಲಿ ಗಾಯ ನಿಮಿಷಗಳಲ್ಲಿ ಕಾಣುತ್ತದೆ, ಫ್ಲೇರ್ ಚಿತ್ರದಲ್ಲಿ (ಕುಹರದ ದ್ರವದ ಹೊಳಪು ಅಳಿಸಿದ ಟಿ2 ಥರದ ಚಿತ್ರ) ಬರಲು ಕೆಲವು ಗಂಟೆ ಬೇಕು. ಡಿಫ್ಯೂಷನ್‌ನಲ್ಲಿ ಇದೆ, ಫ್ಲೇರ್‌ನಲ್ಲಿ ಇನ್ನೂ ಇಲ್ಲ ಅಂದರೆ ಬಹುಶಃ ನಾಲ್ಕೂವರೆ ಗಂಟೆ ಮೀರಿಲ್ಲ. ಹೀಗೆ ಆರಿಸಿದ ರೋಗಿಗಳಿಗೆ ಗಂಟು ಕರಗಿಸುವ ಔಷಧಿ ಕೊಟ್ಟರೆ ಲಾಭ ಇದೆ ಅಂತ 2018ರಲ್ಲಿ ಪ್ರಕಟವಾದ ವೇಕ್‌ಅಪ್ ಪ್ರಯೋಗ ತೋರಿಸಿತು, ಜೊತೆಗೆ ಮಿದುಳಿನಲ್ಲಿ ರಕ್ತಸ್ರಾವ ಸ್ವಲ್ಪ ಜಾಸ್ತಿ ಕಂಡಿತ್ತು ಅನ್ನೋದನ್ನೂ ಮರೆಯಬಾರದು.

ಆದ್ದರಿಂದ ಮೊದಲ ಕೆಲಸ: ಒಂದು ಶೀಟ್ ತೆರೆಯಿರಿ. ಪ್ರತಿ ರೋಗಿಗೆ ಒಂದು ಸಾಲು. ರೋಗಿ ಕೊನೆಯದಾಗಿ ಸರಿಯಿದ್ದ ಸಮಯ, ಸ್ಕ್ಯಾನ್ ಆದ ಸಮಯ, ನಡುವೆ ಚಿಕಿತ್ಸೆ ಏನಾಯಿತು, ರಕ್ತ ಮತ್ತೆ ಹರಿಯಿತಾ. ಈ ಕಾಲಂಗಳು ಖಾಲಿ ಇದ್ದರೆ ಬೇರೆ ಏನೂ ಮಾಡುವ ಮುಂಚೆ ಅವನ್ನು ತುಂಬಿಸಲು ಓಡಾಡಿ.

ಡೇಟಾ ಎಲ್ಲಿಂದ

ಕಲಿಯಲು ಶುರುವಿಗೆ ಐಲ್ಸ್ (ISLES) 2022 ಅನ್ನುವ ಸ್ಟ್ರೋಕ್ ಚಿತ್ರಗಳ ಡೇಟಾ ಸಾಕು. ಒಟ್ಟು 400 ರೋಗಿಗಳ ಸಂಗ್ರಹ ಅದು, ಅದರಲ್ಲಿ 250 ಜನರದ್ದು ತಜ್ಞರು ಗುರುತಿಸಿದ ಗಾಯದ ಸಮೇತ ಎಲ್ಲರಿಗೂ ಸಿಗುತ್ತದೆ. ಡಿಫ್ಯೂಷನ್, ಎಡಿಸಿ, ಫ್ಲೇರ್ ಮೂರೂ ಇವೆ. ಆದರೆ ನರದ ನಾರುಗಳ ದಿಕ್ಕು ತಿಳಿಯಲು ಬೇಕಾದ ಡೇಟಾ ಅದರಲ್ಲಿಲ್ಲ, ಎಲ್ಲ ದಿಕ್ಕಿನದ್ದೂ ಸೇರಿಸಿ ಮಾಡಿದ ಒಂದೇ ಚಿತ್ರ ಇರುತ್ತದೆ. ಅಟ್ಲಾಸ್ ಅನ್ನುವ ಇನ್ನೊಂದು ಪ್ರಸಿದ್ಧ ಸಂಗ್ರಹ ಇದೆ, ಅದು ಟಿ1 ಚಿತ್ರಗಳದ್ದು, ಡಿಫ್ಯೂಷನ್ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ.

ಆಸ್ಪತ್ರೆಯ ಡೇಟಾ ಸಿಕ್ಕರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು, ಡೌನ್‌ಲೋಡ್ ಆಮೇಲೆ. ಅಲ್ಲಿಂದ ಬರುವ ಎಡಿಸಿ ಚಿತ್ರ ನಂಬುವ ಮುಂಚೆ ಮಿದುಳಿನ ಕುಹರದ ನಡುವೆ ಒಂದು ಚುಕ್ಕಿ ಇಟ್ಟು ಸಂಖ್ಯೆ ನೋಡಿ. ಸುಮಾರು 3000 ಬಂದರೆ ಸರಿ. 3 ಅಥವಾ 0.003 ಬಂದರೆ ಅಳತೆಯ ಮಾನ ಬೇರೆ ಇದೆ, ಸರಿಮಾಡಿಕೊಳ್ಳಿ. ಏನೋ 1400 ಅಂತ ಬಂದರೆ ಯಂತ್ರ ಯಾವುದೋ ಸ್ಕೇಲಿನಲ್ಲಿ ಬರೆದಿದೆ ಅಥವಾ ಲೆಕ್ಕ ತಪ್ಪಿದೆ. ಬೇರೆ ಬೇರೆ ಕಂಪನಿಯ ಯಂತ್ರಗಳ ಡೇಟಾ ಬೆರೆಸುವವರಿಗೆ ಈ ಒಂದು ನಿಮಿಷದ ಪರೀಕ್ಷೆ ತಪ್ಪಿಸಲೇಬಾರದ್ದು.

ಬಿ 0 ಚಿತ್ರ ಕಳೆದುಹೋಗಿ ಬಿ 1000 ಮತ್ತು ಎಡಿಸಿ ಮಾತ್ರ ಉಳಿದಿದ್ದರೆ ಬೇಜಾರಾಗಬೇಡಿ. ಮೇಲಿನ ಲೆಕ್ಕವನ್ನೇ ತಿರುಗಿಸಿ ಬಿ 0 ಮರಳಿ ಪಡೆಯಬಹುದು. ಶೈನ್ ಥ್ರೂ ಪರೀಕ್ಷೆಗೆ ಅಷ್ಟು ಸಾಕು.

ನೀವೇ ಸ್ಕ್ಯಾನ್ ಮಾಡಿಸುವುದಾದರೆ

ಮೊದಲ ಗಂಟೆಗಳ ರೋಗಿಗೆ ಸಂಶೋಧನೆಯ ಹೆಸರಿನಲ್ಲಿ ಒಂದು ನಿಮಿಷವೂ ಹೆಚ್ಚು ತೆಗೆದುಕೊಳ್ಳಬೇಡಿ. ಚಿಕಿತ್ಸೆಗೆ ತೆಗೆದ ಮಾಮೂಲಿ ಡಿಫ್ಯೂಷನ್ ಒಂದೆರಡು ನಿಮಿಷದ್ದು, ಅದನ್ನೇ ಬಳಸಿ. ವಾರಗಳ ನಂತರ ಫಾಲೋಅಪ್‌ಗೆ ಬಂದಾಗ ಉದ್ದದ ಸ್ಕ್ಯಾನ್ ಕೇಳಿ: ಬಿ 1000ದಲ್ಲಿ 30 ಅಥವಾ ಅದಕ್ಕಿಂತ ಜಾಸ್ತಿ ದಿಕ್ಕುಗಳು, ನಡುನಡುವೆ ಹಲವು ಬಿ 0, ಎಲ್ಲ ಕಡೆ 2 ಮಿಲಿಮೀಟರ್ ಆಸುಪಾಸಿನ ವಾಕ್ಸೆಲ್ (ಚಿತ್ರದ ಒಂದೊಂದು ಚಿಕ್ಕ ಘನ ಚೂರು). ನೀರು ಯಾವ ದಿಕ್ಕಿಗೆ ಎಷ್ಟು ಓಡುತ್ತದೆ ಅಂತ ಹೇಳುವ ಟೆನ್ಸರ್ ಲೆಕ್ಕಕ್ಕೆ ಆರು ದಿಕ್ಕು ಸಾಕು ಅಂತ ಪುಸ್ತಕದಲ್ಲಿ ಇರುತ್ತದೆ, ಅದು ಗಣಿತಕ್ಕೆ ಸಾಕು, ಗದ್ದಲ ತುಂಬಿದ ನಿಜವಾದ ಡೇಟಾಗೆ ಸಾಲದು. ಅಂಗಾಂಶದ ಸೂಕ್ಷ್ಮ ರಚನೆ ಅಂದಾಜು ಮಾಡುವ ಕುರ್ಟೋಸಿಸ್ ಅಥವಾ ನೋಡಿ (NODDI) ಅನ್ನುವ ಮಾದರಿ ಹಾಕುವ ಯೋಚನೆ ಇದ್ದರೆ ಬಿ 2000 ಕೂಡ ಸೇರಿಸಿ. ಮತ್ತೆ ಒಂದೆರಡು ಬಿ 0 ಚಿತ್ರಗಳನ್ನು ಉಲ್ಟಾ ಫೇಸ್ ಎನ್ಕೋಡಿಂಗ್ ದಿಕ್ಕಿನಲ್ಲಿ ತೆಗೆಸಿ. ಅರ್ಧ ನಿಮಿಷದ ಕೆಲಸ, ಆಮೇಲೆ ಅದಿಲ್ಲದೆ ಪರದಾಡುವುದು ಬೇಡ.

ಶುಚಿ ಮಾಡುವ ಕ್ರಮ

ಯಂತ್ರದ ಫೈಲುಗಳನ್ನು ಡಿಸಿಎಂ2ನಿಕ್ಸ್ ಬಳಸಿ ನಿಫ್ಟಿ ಅನ್ನುವ ಫೈಲ್ ರೂಪಕ್ಕೆ ಬದಲಿಸಿ, ಬಿ ವ್ಯಾಲ್ಯೂ ಮತ್ತು ದಿಕ್ಕುಗಳ ಎರಡು ಚಿಕ್ಕ ಫೈಲುಗಳು ಜೊತೆಗೇ ಬರುತ್ತವೆ. ಅಲ್ಲಿಂದ ಎಂಆರ್‌ಟ್ರಿಕ್ಸ್ ಮತ್ತು ಎಫ್‌ಎಸ್‌ಎಲ್ ಅನ್ನುವ ಎರಡು ಸಾಫ್ಟ್‌ವೇರ್ ಇದ್ದರೆ ಆಯಿತು, ಸಂಶೋಧನೆಗೆ ಎರಡೂ ಉಚಿತ. ಪೈಥಾನ್ ಇಷ್ಟಪಡುವವರಿಗೆ ಡೈಪೈ ಇದೆ.

ಕ್ರಮ ಮುಖ್ಯ. ಮೊದಲು ಡಿನಾಯ್ಸಿಂಗ್, ಯಾಕೆಂದರೆ ಆ ವಿಧಾನ ನಿಂತಿರುವುದೇ ಪ್ರತಿ ವಾಕ್ಸೆಲಿನ ಗದ್ದಲ ಪಕ್ಕದ್ದರ ಜೊತೆ ಬೆರೆತಿಲ್ಲ ಅನ್ನುವುದರ ಮೇಲೆ, ಚಿತ್ರವನ್ನು ಒಮ್ಮೆ ಸರಿಸಿ ತಿರುಗಿಸಿದಿರಿ ಅಂದರೆ ಬೆರೆತುಹೋಯಿತು. ಎರಡನೆಯದು ಗಿಬ್ಸ್ ಗೆರೆಗಳನ್ನು, ಅಂದರೆ ಹೊಳಪು ತಟ್ಟನೆ ಬದಲಾಗುವ ಅಂಚಿನ ಪಕ್ಕ ಮೂಡುವ ಸುಳ್ಳು ಗೆರೆಗಳನ್ನು, ತೆಗೆಯುವುದು. ಮೂರನೆಯದು ಎಫ್‌ಎಸ್‌ಎಲ್‌ನ ಟಾಪ್‌ಅಪ್ ಮತ್ತು ಎಡ್ಡಿ: ಮೊದಲನೆಯದು ಮೂಗಿನ ಹಿಂದಿನ ಗಾಳಿಕೋಣೆ, ಕಿವಿಯ ಮೂಳೆ ಹತ್ತಿರ ಎಳೆದಾಡಿದ ಚಿತ್ರವನ್ನು ಸರಿಮಾಡುತ್ತದೆ, ಉಲ್ಟಾ ದಿಕ್ಕಿನ ಬಿ 0 ಬೇಕಾಗುವುದು ಇಲ್ಲೇ, ಎರಡನೆಯದು ತಲೆ ಅಲುಗಾಡಿದ್ದನ್ನು ಮತ್ತು ಗ್ರೇಡಿಯಂಟ್ ಎಬ್ಬಿಸಿದ ವಕ್ರತೆಯನ್ನು ಸರಿಮಾಡುತ್ತದೆ. ತಲೆ ತಿರುಗಿದ್ದನ್ನು ಸರಿಮಾಡಿದ ಮೇಲೆ ಗ್ರೇಡಿಯಂಟ್ ದಿಕ್ಕುಗಳನ್ನೂ ಅಷ್ಟೇ ತಿರುಗಿಸಬೇಕು. ಎಡ್ಡಿ ತಿರುಗಿಸಿದ ಹೊಸ ಫೈಲ್ ಕೊಡುತ್ತದೆ, ಮುಂದೆ ಅದನ್ನೇ ಬಳಸಿ, ಹಳೆಯದನ್ನಲ್ಲ.

ಇಷ್ಟಾದ ಮೇಲೆ ಬಣ್ಣದ ದಿಕ್ಕಿನ ನಕ್ಷೆ ತೆರೆಯಿರಿ. ಎಡಬಲ ಸೇರಿಸುವ ಕಾರ್ಪಸ್ ಕಲೋಸಮ್ ಕೆಂಪು, ಮೇಲೆ ಕೆಳಗೆ ಹೋಗುವ ಕಾರ್ಟಿಕೋಸ್ಪೈನಲ್ ಹಾದಿ ನೀಲಿ, ಹಿಂದೆ ಮುಂದೆ ಹೋಗುವವು ಹಸಿರು ಇರಬೇಕು. ಬಣ್ಣ ಸರಿ ಇದ್ದ ಮೇಲೂ ನಾರುಗಳ ದಿಕ್ಕಿನ ಗೆರೆಗಳನ್ನು ಚಿತ್ರದ ಮೇಲೆ ಹಾಕಿ ನೋಡಿ, ಯಾವುದೋ ಒಂದು ಅಕ್ಷ ಉಲ್ಟಾ ಆಗಿದ್ದರೆ ಬಣ್ಣ ಅದನ್ನು ಹೇಳುವುದಿಲ್ಲ.

ಎಡಬಲದ ಪರೀಕ್ಷೆಯೂ ಈಗಲೇ ಆಗಲಿ. ರೇಡಿಯಾಲಜಿಯ ರೂಢಿಯಲ್ಲಿ ರೋಗಿಯ ಎಡಭಾಗ ಪರದೆಯ ಬಲಕ್ಕೆ ಬರುತ್ತದೆ, ಕೆಲವು ಸಾಫ್ಟ್‌ವೇರ್ ಹಾಗೆ ತೋರಿಸುವುದಿಲ್ಲ. ಬಲಗೈ ಬಿದ್ದವರ ಗಾಯ ಸಾಮಾನ್ಯವಾಗಿ ಎಡ ಮಿದುಳಿನಲ್ಲಿರಬೇಕು. ಕೇಸ್ ಶೀಟ್ ಜೊತೆ ಒಬ್ಬೊಬ್ಬರನ್ನೇ ತಾಳೆ ನೋಡಿ.

ಗಾಯ ಗುರುತಿಸುವುದು

ಎಡಿಸಿ 620ಕ್ಕಿಂತ ಕೆಳಗಿದ್ದರೆ ಗಾಯದ ತಿರುಳು (ಉಳಿಸಲಾಗದ ಭಾಗ) ಅನ್ನುವ ಲೆಕ್ಕ ಬಹಳ ಕಡೆ ನೋಡುತ್ತೀರಿ. ರ‍್ಯಾಪಿಡ್‌ನಂಥ ಸಾಫ್ಟ್‌ವೇರ್ ಬಳಸುವುದು ಅದನ್ನೇ, 2018ರ ಡಿಫ್ಯೂಸ್ 3 ಪ್ರಯೋಗದಲ್ಲಿ ತಿರುಳು 70 ಮಿಲಿಲೀಟರಿಗಿಂತ ಕಮ್ಮಿ ಇರುವವರನ್ನು ಆರಿಸಿದ್ದೂ ಇಂಥ ಅಳತೆಯ ಮೇಲೆ. ಆದರೆ 620 ಮೊದಲ ಗಂಟೆಗಳ ಲೆಕ್ಕ. ಒಂಬತ್ತನೇ ದಿನದ ಚಿತ್ರಕ್ಕೆ ಅದನ್ನು ಹಾಕಿದರೆ ಗಾಯ ಇಲ್ಲ ಅಂತಲೇ ಉತ್ತರ ಬರಬಹುದು. ನವಜಾತ ಶಿಶುಗಳಿಗಂತೂ ಹಾಕಲೇಬೇಡಿ, ಅವರ ಮಿದುಳಿನಲ್ಲಿ ನೀರು ಜಾಸ್ತಿ, ಆರೋಗ್ಯದ ಎಡಿಸಿಯೇ ದೊಡ್ಡವರಿಗಿಂತ ಮೇಲಿರುತ್ತದೆ.

620 ಒಂದನ್ನೇ ಹಾಕಿದರೆ ಮಿದುಳಿನ ಅಂಚಿನಲ್ಲೆಲ್ಲ ಚುಕ್ಕಿ ಚುಕ್ಕಿ ಗದ್ದಲ ಬರುತ್ತದೆ. ನಾನು ಹೇಳುವ ವಿಧಾನ: ಬಿ 1000ದಲ್ಲಿ ಇನ್ನೊಂದು ಬದಿಗಿಂತ ಸ್ಪಷ್ಟವಾಗಿ ಹೊಳೆಯಬೇಕು, ಎಡಿಸಿಯೂ ಇಳಿದಿರಬೇಕು, ಎರಡೂ ಸೇರಿದ ಜಾಗ ಮಾತ್ರ ಇಟ್ಟುಕೊಳ್ಳಿ. ಆಮೇಲೆ ಐಟಿಕೆ ಸ್ನ್ಯಾಪ್ ಅಥವಾ 3ಡಿ ಸ್ಲೈಸರ್‌ನಲ್ಲಿ ಕೈಯಿಂದ ತಿದ್ದಿ, ತಲೆಬುರುಡೆಯ ತಳದ ಸುಳ್ಳು ಹೊಳಪನ್ನು ಅಳಿಸಿ. ಇಬ್ಬರು ಒಬ್ಬರದ್ದೊಬ್ಬರು ನೋಡದೆ ಗುರುತಿಸಲಿ, ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅಂತ 0ಯಿಂದ 1ರಲ್ಲಿ ಹೇಳುವ ಡೈಸ್ ಸ್ಕೋರ್ ತೆಗೆಯಿರಿ. ಹತ್ತು ವಾಕ್ಸೆಲಿನ ಗಾಯದಲ್ಲಿ ಮೂರು ಆಚೀಚೆ ಆದರೂ ಡೈಸ್ ಕುಸಿಯುತ್ತದೆ, ಹಾಗಾಗಿ ಚಿಕ್ಕ ಗಾಯಗಳಿಗೆ ಗಾತ್ರದ ವ್ಯತ್ಯಾಸವನ್ನೂ ಪಕ್ಕದಲ್ಲಿ ಬರೆಯಿರಿ. ಗಾತ್ರದ ಲೆಕ್ಕ ಸುಲಭ: 2 ಮಿಲಿಮೀಟರ್ ವಾಕ್ಸೆಲ್ ಅಂದರೆ 8 ಘನ ಮಿಲಿಮೀಟರ್, 1250 ವಾಕ್ಸೆಲ್ ಇದ್ದರೆ 10 ಮಿಲಿಲೀಟರ್.

ಗಾಯದ ಎಡಿಸಿಯನ್ನು ಹಾಗೇ ಬರೆಯುವ ಬದಲು, ಎದುರು ಬದಿಯ ಅದೇ ಜಾಗದ ಎಡಿಸಿಯಿಂದ ಭಾಗಿಸಿ ಅನುಪಾತವನ್ನೂ ಕೊಡಿ. ಯಂತ್ರದಿಂದ ಯಂತ್ರಕ್ಕೆ, ವಯಸ್ಸಿನಿಂದ ವಯಸ್ಸಿಗೆ ಇರುವ ವ್ಯತ್ಯಾಸ ಬಹಳಷ್ಟು ಇದರಲ್ಲೇ ತೊಳೆದುಹೋಗುತ್ತದೆ. ಎದುರು ಬದಿಯಲ್ಲಿ ಹಳೆಯ ಗಾಯ ಇಲ್ಲ ಅಂತ ಫ್ಲೇರ್ ನೋಡಿ ಖಚಿತ ಮಾಡಿಕೊಳ್ಳಿ.

ಗಾಯದಿಂದ ದೂರ ಏನಾಗುತ್ತದೆ

ದೊಡ್ಡ ಗಾಯ ಅಂದರೆ ದೊಡ್ಡ ನಷ್ಟ ಅಂತ ಅಲ್ಲ. ಮಿದುಳಿನ ಆಳದಲ್ಲಿರುವ ನಾರುಗಳ ಕಟ್ಟಾದ ಇಂಟರ್ನಲ್ ಕ್ಯಾಪ್ಸೂಲಿನ ಹಿಂಭಾಗದಲ್ಲಿ ಕಡಲೆಕಾಳಿನಷ್ಟು ಗಾಯ ಆದರೂ ಒಂದು ಕಡೆಯ ಕೈಕಾಲು ಪೂರ್ತಿ ಬೀಳಬಹುದು, ಕೈಕಾಲಿಗೆ ಆಜ್ಞೆ ಒಯ್ಯುವ ನಾರುಗಳೆಲ್ಲ ಅಲ್ಲಿ ಒತ್ತಾಗಿ ಹಾಯುತ್ತವೆ. ಗಾಯದಲ್ಲಿ ತುಂಡಾದ ನಾರು ಅಲ್ಲಿಂದ ಕೆಳಗೆ, ರಕ್ತ ಚೆನ್ನಾಗಿ ಹರಿಯುತ್ತಿರುವ ಜಾಗದಲ್ಲೂ, ನಿಧಾನಕ್ಕೆ ಸಾಯುತ್ತದೆ. ಇದು ವಾಲೇರಿಯನ್ ಅವನತಿ. ಇದನ್ನು ಹಿಡಿಯಲು ಎಫ್‌ಎ ಬೇಕು, ಅಂದರೆ ನೀರು ಒಂದೇ ದಿಕ್ಕಿಗೆ ಎಷ್ಟು ಒಲಿದಿದೆ ಅನ್ನುವ 0ಯಿಂದ 1ರವರೆಗಿನ ಅಳತೆ.

ಮೊದಲ ದಿನಗಳ ಎಫ್‌ಎ ನಂಬಿಕಸ್ಥ ಅಲ್ಲ, ಏರುವುದೂ ಇದೆ, ಇಳಿಯುವುದೂ ಇದೆ. ಕೆಲವು ವಾರಗಳ ನಂತರ ಗಾಯದ ಬದಿಯ ಕಾರ್ಟಿಕೋಸ್ಪೈನಲ್ ಹಾದಿಯಲ್ಲಿ ಅದು ಸ್ಥಿರವಾಗಿ ಇಳಿದಿರುತ್ತದೆ. ಇಂಟರ್ನಲ್ ಕ್ಯಾಪ್ಸೂಲಿನ ಎರಡೂ ಬದಿಯ ಎಫ್‌ಎ ಅಳೆದು, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ. ಆರೋಗ್ಯದ ಬದಿ 0.65, ಗಾಯದ ಬದಿ 0.50 ಇದ್ದರೆ 0.13 ಬರುತ್ತದೆ. ಕೈಯ ಚಲನೆ ಎಷ್ಟು ಮರಳೀತು ಅನ್ನುವ ಅಧ್ಯಯನಗಳಲ್ಲಿ ಈ ಸರಳ ಸಂಖ್ಯೆ ಪದೇ ಪದೇ ಉಪಯೋಗಕ್ಕೆ ಬಂದಿದೆ.

ಎರಡು ಎಚ್ಚರ. ಮೊದಲ ಎರಡು ವಾರಗಳಲ್ಲಿ ಆ ಹಾದಿಯುದ್ದಕ್ಕೂ ಡಿಫ್ಯೂಷನ್ ಬಿಳಿ ಕಾಣಬಹುದು, ಅದು ಹೊಸ ಸ್ಟ್ರೋಕ್ ಅಲ್ಲ, ಅವನತಿಯ ಆರಂಭ. ಗಾಯದ ಗಾತ್ರಕ್ಕೆ ಅದನ್ನು ಸೇರಿಸಬೇಡಿ. ಇನ್ನೊಂದು, ಎರಡು ಹಾದಿಗಳು ಅಡ್ಡ ಹಾಯುವ ಕಡೆ ಒಂದು ಸತ್ತರೆ ಉಳಿದದ್ದು ಒಂದೇ ದಿಕ್ಕು, ಆಗ ಎಫ್‌ಎ ಏರುತ್ತದೆ. ಏರಿದ್ದನ್ನು ಚೇತರಿಕೆ ಅಂತ ಬರೆಯುವ ಮುಂಚೆ ಜಾಗ ಯಾವುದು ನೋಡಿ.

ನಾರುಗಳ ಹಾದಿಯನ್ನು ಗೆರೆಗಳಾಗಿ ಬಿಡಿಸುವ ಟ್ರಾಕ್ಟೋಗ್ರಫಿಯ ಬಣ್ಣದ ಚಿತ್ರ ಎಲ್ಲರಿಗೂ ಇಷ್ಟ, ಆದರೆ ಆ ಗೆರೆಗಳು ನರಗಳಲ್ಲ, ಲೆಕ್ಕದ ಊಹೆಗಳು. ಊತ ಇರುವ ಜಾಗದಲ್ಲಿ ಎಫ್‌ಎ ಇಳಿದು, ನಾರು ಬದುಕಿದ್ದರೂ ಗೆರೆ ನಿಂತುಬಿಡುತ್ತದೆ. ಆರೋಗ್ಯವಂತರಿಂದ ಮಾಡಿದ ಹಾದಿಯ ನಕ್ಷೆ ತಂದು, ರೋಗಿಯ ಗಾಯ ಅದರಲ್ಲಿ ಎಷ್ಟು ಪಾಲು ತಿಂದಿದೆ ಅಂತ ಅಳೆಯುವುದೇ ಮೇಲು. ನಕ್ಷೆಯನ್ನು ರೋಗಿಯ ಮಿದುಳಿಗೆ ಹೊಂದಿಸುವಾಗ ಗಾಯದ ಜಾಗವನ್ನು ಲೆಕ್ಕದಿಂದ ಹೊರಗಿಡಿ, ಇಲ್ಲದಿದ್ದರೆ ಸಾಫ್ಟ್‌ವೇರ್ ಗಾಯವನ್ನೇ ಹಿಂಡಿ ಚಿಕ್ಕದು ಮಾಡಿಬಿಡುತ್ತದೆ.

ಗುಂಪು ಹೋಲಿಸುವಾಗ ಎಲ್ಲರ ಗಾಯ ಒಂದೇ ಬದಿಗೆ ಬರಲಿ ಅಂತ ಕೆಲವರ ಚಿತ್ರ ತಿರುಗಿಸುವ ರೂಢಿ ಇದೆ. ಕೈಕಾಲಿನ ಚಲನೆಯ ಅಧ್ಯಯನಕ್ಕೆ ನಡೆಯುತ್ತದೆ, ಮಾತಿನ ಅಧ್ಯಯನಕ್ಕೆ ನಡೆಯುವುದಿಲ್ಲ, ಹೆಚ್ಚಿನವರಲ್ಲಿ ಭಾಷೆಯ ಕೆಲಸ ಎಡಕ್ಕೇ ವಾಲಿದೆ.

ಕೊನೆಗೆ ಅಂಕಿಅಂಶದ ಮಾದರಿ ಹಾಕುವಾಗ ವಯಸ್ಸು, ಗಾಯದ ಗಾತ್ರ ಇವುಗಳ ಜೊತೆ ಸ್ಕ್ಯಾನಿನ ಸಮಯವನ್ನೂ ಕೋವೇರಿಯಟ್ ಆಗಿ ಸೇರಿಸಿ. ಆದರೆ ಎಡಿಸಿ ಮೊದಲು ಇಳಿದು ಆಮೇಲೆ ಏರುವುದರಿಂದ ನೇರ ಗೆರೆಯ ಸಂಬಂಧ ಅದಕ್ಕೆ ಹೊಂದುವುದಿಲ್ಲ. ಮೊದಲ ದಿನ, ಮೊದಲ ವಾರ, ಎರಡನೇ ವಾರ, ಮೂರು ತಿಂಗಳು ಅಂತ ಗುಂಪು ಮಾಡಿ ಬೇರೆ ಬೇರೆಯಾಗಿ ನೋಡಿ, ಒಂದು ಗುಂಪಿನಲ್ಲಿ ಜನ ಕಮ್ಮಿಯಾದರೂ ಸರಿ, ಬೆರೆಸಬೇಡಿ. ಸರಾಸರಿ ಎಡಿಸಿ ಬರೆದ ಪ್ರತಿ ಸಾಲಿನ ಪಕ್ಕದಲ್ಲಿ ಅದು ಎಷ್ಟನೇ ಗಂಟೆಯಿಂದ ಎಷ್ಟನೇ ಗಂಟೆಯವರೆಗಿನದ್ದು ಅಂತಲೂ ಬರೆಯಿರಿ.